ಸಹಾಯ ಬೇಕು: ಬೆಳ್ಳುಳ್ಳಿ ಎಲೆ ಹಳದಿ, ಗೆಡ್ಡೆ ಮಾತ್ರ ಕೂತಿಲ್ಲ

ನಮ್ಮದು ದಾವಣಗೆರೆ. ಮನೆ ಹಿಂದೆ ಸಣ್ಣ ಜಾಗ, ಅಂಟು ಎರೆಮಣ್ಣು. ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ, ಅಕ್ಟೋಬರ್ ಕೊನೆಗೆ ಗದಗಿನ ಬೆಳ್ಳುಳ್ಳಿಯ ದಪ್ಪ ಎಸಳುಗಳನ್ನೇ ಆರಿಸಿ ಊರಿದ್ದೆವು. ಡಿಸೆಂಬರ್ ಚಳಿಯಲ್ಲಿ ಗಿಡ ನೋಡೋಕೆ ಚೆಂದ ಇತ್ತು.

ಈಗ ಜನವರಿ ಮುಗಿಯುತ್ತಾ ಬಂತು. ಕೆಳಗಿನ ಎಲೆಗಳು ತುದಿಯಿಂದ ಹಳದಿಯಾಗಿ ಒಣಗುತ್ತಿವೆ. ಒಂದು ಗಿಡ ಕಿತ್ತು ನೋಡಿದೆ. ಬುಡ ಈರುಳ್ಳಿ ಸಸಿಯಷ್ಟೇ ದಪ್ಪ, ಒಳಗೆ ಎಸಳು ಬೇರೆಯಾಗಿಲ್ಲ. ಕೊಳೆತಿಲ್ಲ, ಬೇರು ಬೆಳ್ಳಗೇ ಇದೆ. ಸುಳಿ ಬಿಡಿಸಿ ನೋಡಿದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಹುಳು) ಇಲ್ಲ, ಎಲೆ ಮೇಲೆ ಬಿಳಿ ಗೆರೆಯೂ ಇಲ್ಲ. ಆದರೂ ಬೇವಿನೆಣ್ಣೆ ಹೊಡೆದಾಯ್ತು, ವ್ಯತ್ಯಾಸ ಕಾಣಲಿಲ್ಲ.

ಗೊಂದಲ ಇಲ್ಲೇ. ಬೆಳೆ ಬಲಿತರೂ ಎಲೆ ಹಳದಿ, ಸಾರಜನಕ ಕಮ್ಮಿಯಾದರೂ ಹಳದಿ, ಎರೆಮಣ್ಣಲ್ಲಿ ನೀರು ನಿಂತರೂ ಹಳದಿ! ಇದು 4-5 ತಿಂಗಳ ಬೆಳೆ, ಬಲಿಯೋಕೆ ಇನ್ನೂ ಟೈಮ್ ಇದೆ. ಪಕ್ಕದ ಮನೆಯವರು ಸುಮ್ನೆ ಯೂರಿಯಾ ಹಾಕಿ ಅಂತಾರೆ. ಈ ಹಂತದಲ್ಲಿ ಹಾಕಿದರೆ ಸೊಪ್ಪು ಜಾಸ್ತಿಯಾಗಿ ಗೆಡ್ಡೆ ಕೂರುವುದಿಲ್ಲ ಅಲ್ವಾ?

ಎರೆಮಣ್ಣಲ್ಲಿ ಬೆಳೆದವರು ಹೇಳಿ: ಈಗ ವಾರಕ್ಕೊಮ್ಮೆ ಕೊಡುತ್ತಿರುವ ನೀರು ಕಡಿಮೆ ಮಾಡಲಾ, ಇಲ್ಲ ಸ್ವಲ್ಪ ಗೊಬ್ಬರ ಕೊಡಲಾ? ಫೆಬ್ರವರಿ ಬಿಸಿಲು ಏರಿದ ಮೇಲೂ ಎಸಳು ಕಟ್ಟುತ್ತದಾ?