ಡೊರಿಟೋಸ್ ಅನ್ನು ಕಂಡುಹಿಡಿದವರು ಆರ್ಚ್ ವೆಸ್ಟ್ ಎನ್ನುವುದು ಸರಿಯೇ?

ಪ್ರಶ್ನೆ: ಗೌರಿಬಿದನೂರಿನ ಓದುಗ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಮುಸುಕಿನ ಜೋಳದಿಂದ ಕುರುಕಲು ತಿಂಡಿ ಮಾಡಿ ಮಾರುವ ಆಲೋಚನೆಯಲ್ಲಿದ್ದಾರೆ. ಮುಂದಿನ ಸಭೆಯಲ್ಲಿ ಇಂತಹ ತಿಂಡಿಯೊಂದನ್ನು ಕಂಡುಹಿಡಿದು ದೊಡ್ಡ ಉದ್ದಿಮೆಯಾಗಿ ಬೆಳೆಸಿದವರೊಬ್ಬರ ಬದುಕಿನ ಬಗ್ಗೆ ಅರ್ಧ ಗಂಟೆ ಮಾತನಾಡಬೇಕೆಂದು ನನ್ನನ್ನು ಕೇಳಿಕೊಂಡಿದ್ದಾರೆ. ಜೋಳದ ತಿಂಡಿಯೇ ಆದ್ದರಿಂದ ಅಮೆರಿಕದ ಡೊರಿಟೋಸ್ ಮತ್ತು ಅದನ್ನು ತಂದ ಆರ್ಚ್ ವೆಸ್ಟ್ ಅವರನ್ನು ಆರಿಸಿಕೊಂಡೆ.

ನಾನು ತಿಳಿದುಕೊಂಡಷ್ಟು ಹೀಗಿದೆ. ಅವರು 1914ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದರು, ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯಲ್ಲಿ ದುಡಿದರು, ಬಳಿಕ ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದರಲ್ಲಿ ಕೆಲಸ ಮಾಡಿ, ಡಲ್ಲಾಸ್‌ನ ಫ್ರಿಟೊ ಕಂಪನಿಗೆ ಮಾರುಕಟ್ಟೆ ವಿಭಾಗದ ಉಪಾಧ್ಯಕ್ಷರಾಗಿ ಬಂದರು. 1960ರ ದಶಕದ ಆರಂಭದಲ್ಲಿ ಸಂಸಾರದೊಡನೆ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕಡೆಗೆ ರಜೆಗೆ ಹೋದಾಗ, ಸಣ್ಣ ಅಂಗಡಿಯೊಂದರಲ್ಲಿ ಕರಿದ ಮುಸುಕಿನ ಜೋಳದ ರೊಟ್ಟಿಯ ತುಂಡುಗಳನ್ನು ತಿಂದರಂತೆ. ಕಂಪನಿಯವರು ಮೊದಲು ಒಲವು ತೋರಿಸದಿದ್ದರೂ ಬಿಡದೆ ಅದನ್ನು ಮಾರುಕಟ್ಟೆಗೆ ತಂದರು. 2011ರ ಸೆಪ್ಟೆಂಬರಿನಲ್ಲಿ, 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡಾಗ, ಮನೆಯವರು ಸಮಾಧಿಗೆ ಮಣ್ಣಿನ ಜೊತೆಗೆ ಡೊರಿಟೋಸ್ ಚೂರುಗಳನ್ನೂ ಹಾಕಿ ಕಳಿಸಿಕೊಟ್ಟರು.

ನನ್ನ ಗೊಂದಲ ಇಲ್ಲಿದೆ. ತಿಂಡಿ ಆ ಅಂಗಡಿಯಲ್ಲಿ ಮೊದಲೇ ಇತ್ತು ಎಂದಾದರೆ, ವೆಸ್ಟ್ ಅವರನ್ನು ಕಂಡುಹಿಡಿದವರು ಎಂದು ಕರೆಯುವುದು ಹೇಗೆ? ಈ ಪ್ರಶ್ನೆ ನನ್ನನ್ನು ಕಾಡುವುದಕ್ಕೆ ಮನೆಯದೇ ಒಂದು ಕಾರಣವಿದೆ. ನಮ್ಮ ತಾಯಿ ಹಲವು ವರ್ಷ ಒಂದು ಅಂಗಡಿಗೆ ನಿಪ್ಪಟ್ಟು ಮಾಡಿಕೊಡುತ್ತಿದ್ದರು. ಹುರಿಗಡಲೆ ಹಿಟ್ಟಿನ ಪಾಲನ್ನು ಹೆಚ್ಚಿಸಿ, ಕಡಲೆಕಾಯಿ ಬೀಜವನ್ನು ಪುಡಿ ಮಾಡದೆ ಒಡಕಾಗಿ ಕುಟ್ಟಿ ಹಾಕುವ ಹದವನ್ನು ಅವರೇ ಕಂಡುಕೊಂಡಿದ್ದರು. ಬಾಳೆ ಎಲೆಯ ಮೇಲೆ ತಟ್ಟುವಾಗ ಅಂಚಿನಲ್ಲಿ ಅವರ ಬೆರಳಿನ ಗುರುತು ಉಳಿಯುತ್ತಿತ್ತು, ಕರಿದ ಮೇಲೂ ಅದು ಹಾಗೆಯೇ ಕಾಣುತ್ತಿತ್ತು. ಒಂದು ದಿನ ಅದೇ ನಿಪ್ಪಟ್ಟು ಅಂಗಡಿಯವರ ಮನೆತನದ ಹೆಸರಿನ ಪೊಟ್ಟಣದಲ್ಲಿ, ‘ನಮ್ಮದೇ ವಿಶೇಷ ಪಾಕ’ ಎಂಬ ಅಚ್ಚಿನೊಂದಿಗೆ ಬಂತು. ತಾಯಿ ಏನೂ ಹೇಳಲಿಲ್ಲ, ಆದರೆ ಆ ತಿಂಗಳಿನಿಂದ ಅಲ್ಲಿಗೆ ಮಾಡಿಕೊಡುವುದನ್ನು ನಿಲ್ಲಿಸಿದರು. ಈಗ ಅವರೂ ಕುಳಿತಿರುವ ಸಭೆಯಲ್ಲಿ ನಾನು ವೆಸ್ಟ್ ಅವರನ್ನು ಹೇಗೆ ಪರಿಚಯಿಸಲಿ? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಆಹಾರ ವಿಜ್ಞಾನದ ನಿವೃತ್ತ ಅಧ್ಯಾಪಕಿ, ತುಮಕೂರು

ಗೌರಿಬಿದನೂರಿನ ಸಹೋದರರೇ, ತಮ್ಮ ತಾಯಿಯವರ ಸಂಗತಿ ಓದಿ ಮನಸ್ಸಿಗೆ ನೋವಾಯಿತು. ಇದನ್ನು ತಾವು ಸಭೆಯಲ್ಲಿ ಮುಚ್ಚಿಡಬೇಕಾಗಿಲ್ಲ, ಏಕೆಂದರೆ ಡೊರಿಟೋಸ್‌ನ ಕಥೆಯ ಒಳಗೂ ಇಂತಹ ಕೈಗಳು ಹಲವಿವೆ.

ಮೊದಲನೆಯದಾಗಿ, ಕರಿದ ರೊಟ್ಟಿಯ ತುಂಡು ಮೆಕ್ಸಿಕೋ ಜನರ ಅಡುಗೆಮನೆಯದು. ಉಳಿದ ರೊಟ್ಟಿಯನ್ನು ಎಸೆಯದೆ ಕರಿದು ತಿನ್ನುವ ಪದ್ಧತಿ ಅಲ್ಲಿ ಹಳೆಯದು. ಲಾಸ್ ಏಂಜಲೀಸ್‌ನಲ್ಲಿ ರೆಬೆಕಾ ವೆಬ್ ಕರಾಂಜಾ ಎಂಬ ಹೆಣ್ಣುಮಗಳು ಗಂಡನೊಡನೆ ರೊಟ್ಟಿಯ ಕಾರ್ಖಾನೆ ನಡೆಸುತ್ತಿದ್ದರು. 1940ರ ದಶಕದಲ್ಲಿ, ಯಂತ್ರದಿಂದ ಸೊಟ್ಟಗೆ ಬಂದು ಮಾರಾಟಕ್ಕೆ ಸಲ್ಲದೆ ಉಳಿಯುತ್ತಿದ್ದ ರೊಟ್ಟಿಗಳನ್ನು ಅವರು ತ್ರಿಕೋನವಾಗಿ ಕತ್ತರಿಸಿ ಕರಿದರು. ಮನೆಯ ಸಮಾರಂಭವೊಂದರಲ್ಲಿ ನೆಂಟರಿಗೆ ಅದು ಹಿಡಿಸಿತು, ಆಮೇಲೆ ಚೀಲಕ್ಕೆ ಹತ್ತು ಸೆಂಟಿನಂತೆ ಮಾರತೊಡಗಿದರು. ಮುಂದೆ ಅದೇ ಕಾರ್ಖಾನೆಯ ಮುಖ್ಯ ಸರಕಾಯಿತು. ಆ ಉದ್ಯಮದವರು ಅವರನ್ನು ಗೌರವಿಸಿದ್ದು 1994ರಲ್ಲಿ, ಅವರಿಗೆ ಎಂಬತ್ತು ದಾಟಿದ ಮೇಲೆ.

ಎರಡನೆಯದು, ಡಿಸ್ನಿಲ್ಯಾಂಡ್‌ನ ಕಥೆ. ಫ್ರಿಟೊ ಕಂಪನಿ ಅಲ್ಲಿ 1955ರಲ್ಲಿ ಒಂದು ಮೆಕ್ಸಿಕನ್ ಉಪಾಹಾರ ಗೃಹವನ್ನು ತೆರೆದಿತ್ತು. ರೊಟ್ಟಿಯನ್ನು ಒದಗಿಸುತ್ತಿದ್ದ ಅಲೆಕ್ಸ್ ಫುಡ್ಸ್ ಸಂಸ್ಥೆಯ ಮಾರಾಟಗಾರರೊಬ್ಬರು, ಹಳಸಿದ ರೊಟ್ಟಿಗಳನ್ನು ಕಸಕ್ಕೆ ಹಾಕುವುದನ್ನು ಕಂಡು, ಕತ್ತರಿಸಿ ಕರಿಯಿರಿ ಎಂದು ಅಡುಗೆಯವರಿಗೆ ಹೇಳಿದರೆಂದೂ, ವೆಸ್ಟ್ ಅವರ ಗಮನ ಅದರ ಮೇಲೆ ಬಿತ್ತೆಂದೂ ಆ ಕಥೆ ಹೇಳುತ್ತದೆ. ವೆಸ್ಟ್ ಅವರ ಮನೆಯವರು ಹೇಳುವುದು ರಜೆಯ ಕಥೆಯನ್ನು. ಎರಡರಲ್ಲಿ ಯಾವುದನ್ನು ಹಿಡಿದರೂ, ಮೊದಲ ಬಾಂಡಲಿಯ ಮುಂದೆ ನಿಂತಿದ್ದವರು ವೆಸ್ಟ್ ಅಲ್ಲ ಎಂಬುದು ಒಂದೇ.

ಇನ್ನು ಸಂಘದವರಿಗೆ ಉಪಯೋಗವಾಗುವ ಮಾತು. ಈ ತಿಂಡಿಯ ಜೀವ ಇರುವುದು ಸುಣ್ಣದಲ್ಲಿ. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಜನ ಸಾವಿರಾರು ವರ್ಷಗಳಿಂದ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲ ಅದರಲ್ಲೇ ನೆನೆಸಿ, ತೊಳೆದು ರುಬ್ಬುತ್ತಾ ಬಂದಿದ್ದಾರೆ. ಒಂದು ಕಿಲೋ ಜೋಳಕ್ಕೆ ಸುಮಾರು 10 ಗ್ರಾಂ ಸುಣ್ಣ, ಮೂರು ಲೀಟರ್ ನೀರು ಸಾಕು. ಸುಣ್ಣವು ಕಾಳಿನ ಸಿಪ್ಪೆಯನ್ನು ಸಡಿಲಿಸುತ್ತದೆ, ರುಬ್ಬಿದ ಹಿಟ್ಟಿಗೆ ಅಂಟು ಕೊಡುತ್ತದೆ, ಜೋಳದಲ್ಲಿ ಬಿಗಿದುಕೊಂಡಿರುವ ನಯಾಸಿನ್ ಎಂಬ ಜೀವಸತ್ವವನ್ನು ಮೈಗೆ ಹತ್ತುವಂತೆ ಬಿಡಿಸುತ್ತದೆ. ಸುಣ್ಣದ ಈ ಪದ್ಧತಿಯನ್ನು ಬಿಟ್ಟು ಬರಿಯ ಜೋಳವನ್ನಷ್ಟೇ ಒಯ್ದು ಬೆಳೆದು ಅದನ್ನೇ ಮುಖ್ಯ ಆಹಾರ ಮಾಡಿಕೊಂಡ ಯೂರೋಪಿನ ಮತ್ತು ಅಮೆರಿಕದ ದಕ್ಷಿಣ ಭಾಗದ ಬಡವರು ಈ ಜೀವಸತ್ವದ ಕೊರತೆಯಿಂದ ಬರುವ ಪೆಲ್ಲಾಗ್ರ ಎಂಬ ರೋಗದಿಂದ ನರಳಿದರು. ಗೋಡೆಗೆ ಬಳಿಯುವ ಸುಣ್ಣವನ್ನು ಯಾವ ಕಾರಣಕ್ಕೂ ಬಳಸಕೂಡದು. ಆಹಾರಕ್ಕೆಂದೇ ಶುದ್ಧಗೊಳಿಸಿದ ಸುಣ್ಣ ಸಿಗುತ್ತದೆ, ಅದನ್ನೇ ತರಿಸಿ.

ಇನ್ನೊಂದು ಗುಟ್ಟು, ಲಟ್ಟಿಸಿ ಕತ್ತರಿಸಿದ ಹಾಳೆಯನ್ನು ನೇರವಾಗಿ ಎಣ್ಣೆಗೆ ಬಿಡದೆ ಮೊದಲು ಸುಡುವುದು. ನಮ್ಮ ಸಂಡಿಗೆಯನ್ನು ಬಿಸಿಲಿಗೆ ಹಾಕಿ ನೀರಿನಂಶ ಇಳಿಸಿದ ಮೇಲೆ ಕರಿಯುತ್ತೇವಲ್ಲ, ತತ್ತ್ವ ಅದಕ್ಕೆ ಹತ್ತಿರದ್ದೇ. ಮೊದಲೇ ನೀರು ಕಡಿಮೆಯಾದರೆ ಎಣ್ಣೆ ಕುಡಿಯುವುದೂ ಕಡಿಮೆ. ಅದೇ ಕಂಪನಿಯ ಹಳೆಯ ತಿಂಡಿಯಾದ ಫ್ರಿಟೋಸ್ ಅನ್ನು ಸುಡುವುದಿಲ್ಲ, ಒತ್ತಿ ನೇರವಾಗಿ ಕರಿಯುತ್ತಾರೆ. ಎರಡೂ ಸುಣ್ಣದಲ್ಲಿ ಬೇಯಿಸಿದ ಜೋಳದವೇ ಆದರೂ ಹಲ್ಲಿಗೆ ಬೇರೆ ಬೇರೆಯಾಗಿ ಸಿಗುವುದು ಇದರಿಂದಲೇ.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ವೆಸ್ಟ್ ಅವರನ್ನು ‘ಡೊರಿಟೋಸ್ ಅನ್ನು ಮಾರುಕಟ್ಟೆಗೆ ತಂದವರು’ ಎನ್ನುವುದು ನ್ಯಾಯ.

ಉತ್ತರ 2: ಕುರುಕಲು ತಿಂಡಿ ತಯಾರಕ, ಕೋಲಾರ

ಮೇಡಂ ಅವರ ಮಾತನ್ನು ಗೌರವಿಸುತ್ತಲೇ ಒಂದು ಭಿನ್ನಾಭಿಪ್ರಾಯ ಹೇಳುತ್ತೇನೆ. ಚಕ್ಕುಲಿ, ಕೋಡುಬಳೆ, ಖಾರಾಬೂಂದಿ ಮಾಡಿ ಸುತ್ತಲಿನ ಊರುಗಳ ಅಂಗಡಿಗಳಿಗೆ ಹಾಕುತ್ತಾ ನನಗೆ ಇಪ್ಪತ್ತು ವರ್ಷವಾಯಿತು. ಒಂದು ಬಾಂಡಲಿಯಲ್ಲಿ ರುಚಿಯಾಗಿ ಬಂದದ್ದು ಸಾವಿರ ಪೊಟ್ಟಣದಲ್ಲೂ ಹಾಗೆಯೇ ಬರುವಂತೆ ಮಾಡುವುದು ಬರಿಯ ಮಾರಾಟದ ಕೆಲಸವಲ್ಲ. ಮೊದಲ ಮಳೆಗಾಲದಲ್ಲಿ ನನ್ನ ಎರಡು ಮೂಟೆ ಕೋಡುಬಳೆ ಅಂಗಡಿಗಳಲ್ಲೇ ಮೆತ್ತಗಾಗಿ, ಎಣ್ಣೆ ಕಮಟು ಹಿಡಿದು ವಾಪಸು ಬಂತು. ಅಮ್ಮ ಹೇಳಿಕೊಟ್ಟ ಹದ ಸರಿಯಾಗಿಯೇ ಇತ್ತು. ಅದು ನಾಲ್ಕು ದಿನದ ಡಬ್ಬಿಗೆ ತಕ್ಕ ಹದ, ನಾಲ್ಕು ವಾರದ ಪೊಟ್ಟಣಕ್ಕಲ್ಲ ಎಂಬುದು ನನಗೆ ತಿಳಿದಿರಲಿಲ್ಲ.

ವೆಸ್ಟ್ ಅವರ ಎದುರು ಇದ್ದದ್ದು ಇದೇ ಕೆಲಸದ ಬಹು ದೊಡ್ಡ ರೂಪ. 1964ರಲ್ಲಿ ಅಲೆಕ್ಸ್ ಫುಡ್ಸ್‌ನವರಿಂದಲೇ ಮಾಡಿಸಿ ಸೀಮಿತ ಪ್ರದೇಶದಲ್ಲಿ ಮಾರಿ ನೋಡಿದರು. ಅವರಿಂದ ಪೂರೈಸಲಾಗದಷ್ಟು ಬೇಡಿಕೆ ಬಂದಾಗ ತಯಾರಿಕೆಯನ್ನು ಟಲ್ಸಾ ನಗರಕ್ಕೆ ಒಯ್ದು, 1966ರಲ್ಲಿ ದೇಶದಾದ್ಯಂತ ಬಿಟ್ಟರು. ಮೆಕ್ಸಿಕೋ ಗಡಿಯ ಕಡೆಯವರಿಗೆ ಇದು ನೆಂಚಿಕೊಂಡು ತಿನ್ನುವ ಪರಿಚಿತ ತಿಂಡಿ, ಉಳಿದ ರಾಜ್ಯದವರಿಗೆ ಬರಿಯ ಉಪ್ಪಿನ ಜೋಳದ ತುಂಡು ಸಪ್ಪೆ. ಅದಕ್ಕಾಗಿ 1967ರಲ್ಲಿ ಟ್ಯಾಕೊ (ಪಲ್ಯ ತುಂಬಿ ಮಡಿಚಿದ ಮೆಕ್ಸಿಕೋ ರೊಟ್ಟಿ) ಮಸಾಲೆಯದೂ, 1972ರಲ್ಲಿ ಚೀಸ್ ಸವರಿದ ನಾಚೊ ರುಚಿಯದೂ ಬಂದವು. ಇಂದು ಡೊರಿಟೋಸ್ ಎಂದರೆ ಜನರ ನಾಲಿಗೆಗೆ ನೆನಪಾಗುವುದು ಆ ಮಸಾಲೆಯೇ. ಕರಾಂಜಾ ಅವರ ಚೀಲದಲ್ಲಿ ಇಲ್ಲದ ವಸ್ತುವೊಂದು ಇಲ್ಲಿ ಹುಟ್ಟಿತು, ಹಾಗಾಗಿ ವೆಸ್ಟ್ ಅವರನ್ನು ಕಂಡುಹಿಡಿದವರ ಸಾಲಿನಿಂದ ಪೂರ್ತಿ ತೆಗೆದುಹಾಕುವುದು ನನಗೆ ಒಪ್ಪಿಗೆಯಿಲ್ಲ.

ಪೊಟ್ಟಣದ ಮಾತು ಬಂದಿದ್ದರಿಂದ ಇನ್ನೊಬ್ಬರನ್ನು ನೆನೆಯಲೇಬೇಕು. ಆಲೂಗಡ್ಡೆ ಚಿಪ್ಸ್ ಅನ್ನು ಅಂಗಡಿಯ ಪೀಪಾಯಿಯಿಂದ ತೆಗೆದು ತೂಗಿಕೊಡುತ್ತಿದ್ದ ಕಾಲದಲ್ಲಿ, ತಳಕ್ಕೆ ಹೋದಂತೆ ಸಿಗುತ್ತಿದ್ದದ್ದು ಮೆತ್ತನೆಯ ಪುಡಿ. ಕ್ಯಾಲಿಫೋರ್ನಿಯಾದ ಲಾರಾ ಸ್ಕಡರ್ 1926ರ ಸುಮಾರಿಗೆ ತಮ್ಮಲ್ಲಿ ದುಡಿಯುವ ಹೆಣ್ಣುಮಕ್ಕಳಿಂದ ಮೇಣದ ಕಾಗದವನ್ನು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿಸಿ ಚೀಲ ಮಾಡಿಸಿದರು. ಆ ಹೆಣ್ಣುಮಕ್ಕಳು ಸಂಜೆ ಮನೆಯಲ್ಲಿ ಚೀಲ ಒತ್ತಿ, ಬೆಳಿಗ್ಗೆ ಕಾರ್ಖಾನೆಯಲ್ಲಿ ತುಂಬುತ್ತಿದ್ದರು. ನಿಮ್ಮ ಸಂಘದವರು ಇದನ್ನು ತಪ್ಪದೆ ಕೇಳಬೇಕು.

ಉತ್ತರ 3: ನಿವೃತ್ತ ಬ್ಯಾಂಕ್ ಅಧಿಕಾರಿ, ಚಿಂತಾಮಣಿ

ಇಬ್ಬರ ಮಾತಿನಲ್ಲೂ ಹುರುಳಿದೆ. ನಾನು ಹಣದ ಕಡೆಯಿಂದ ಒಂದೆರಡು ಸಂಗತಿ ಸೇರಿಸುತ್ತೇನೆ. ವೆಸ್ಟ್ ಸೇರಿದ ಕಂಪನಿಯ ಹುಟ್ಟನ್ನೇ ನೋಡಿ. 1932ರಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿ ಚಾರ್ಲ್ಸ್ ಎಲ್ಮರ್ ಡೂಲಿನ್ ಎಂಬವರು ಮೆಕ್ಸಿಕೋದಿಂದ ಬಂದಿದ್ದ ಗುಸ್ತಾವೊ ಓಲ್ಗಿನ್ ಎಂಬವರಿಂದ ಜೋಳದ ತಿಂಡಿಯ ಪಾಕ, ಅದನ್ನು ಒತ್ತುವ ಒರಳು ಮತ್ತು 19 ಅಂಗಡಿಗಳ ಗಿರಾಕಿಯನ್ನು 100 ಡಾಲರಿಗೆ ಕೊಂಡರು. ಆ ಹಣ ಹೊಂದಿಸಲು ಅವರ ತಾಯಿ ಮದುವೆಯ ಉಂಗುರವನ್ನು ಅಡವಿಟ್ಟರೆಂದು ಹೇಳುತ್ತಾರೆ. ಮೊದಲ ತಯಾರಿಕೆ ನಡೆದದ್ದೂ ತಾಯಿಯ ಅಡುಗೆಮನೆಯಲ್ಲೇ. 1961ರಲ್ಲಿ ಫ್ರಿಟೊ, ಲೇ ಎರಡೂ ಕಂಪನಿಗಳು ಒಂದಾದವು, 1965ರಲ್ಲಿ ಪೆಪ್ಸಿ ಜೊತೆ ಸೇರಿ ಪೆಪ್ಸಿಕೋ ಆಯಿತು. ಡೊರಿಟೋಸ್ ದೇಶವೆಲ್ಲ ಹರಡಿದ್ದು ಅಷ್ಟು ದೊಡ್ಡ ಬಲದ ಮೇಲೆ. ಪಾಕವನ್ನು ಒಮ್ಮೆ ಮಾರಿದವರಿಗೆ ಆಮೇಲಿನ ಬೆಳವಣಿಗೆಯಲ್ಲಿ ಪಾಲಿರಲಿಲ್ಲ. ಇದು ನನಗೆ ಮುಖ್ಯವೆನಿಸುತ್ತದೆ.

ಸಹೋದರರೇ, ನಿಮ್ಮ ತಾಯಿಯವರ ನಿಪ್ಪಟ್ಟಿನ ಪಾಕಕ್ಕೆ ನಮ್ಮ ದೇಶದಲ್ಲಿ ಪೇಟೆಂಟ್ ಸಿಗುವುದು ಕಷ್ಟ. ಪರಂಪರೆಯಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಕೊಡಲಾಗದು ಎಂದು 1970ರ ಕಾಯಿದೆಯಲ್ಲೇ ಇದೆ. ಆದರೆ ಹೆಸರು ಮತ್ತು ಗುರುತನ್ನು ವ್ಯಾಪಾರ ಚಿಹ್ನೆಯಾಗಿ ನೋಂದಾಯಿಸಬಹುದು. ಅದು ಹತ್ತು ವರ್ಷ ಇರುತ್ತದೆ, ಮತ್ತೆ ನವೀಕರಿಸಬಹುದು. ಸಂಘದವರು ಮೊದಲ ಪೊಟ್ಟಣ ಹೊರಗೆ ಕಳಿಸುವ ಮುನ್ನವೇ ಸಂಘದ ಹೆಸರಿನಲ್ಲಿ ಇದಕ್ಕೆ ಅರ್ಜಿ ಹಾಕಲಿ, ಯಾರೊಬ್ಬರ ಸ್ವಂತ ಹೆಸರಿನಲ್ಲಿ ಬೇಡ. ಸಭೆಯಲ್ಲಿ ಲಿಜ್ಜತ್ ಹಪ್ಪಳದ ಮಾತನ್ನೂ ಎತ್ತಿ. 1959ರಲ್ಲಿ ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಹೆಂಗಸರು 80 ರೂಪಾಯಿ ಸಾಲದಿಂದ ಆರಂಭಿಸಿದರು. ಅಲ್ಲಿ ಹಪ್ಪಳ ಲಟ್ಟಿಸುವವರೇ ಒಡತಿಯರು, ಲಾಭವೂ ನಷ್ಟವೂ ಅವರಲ್ಲೇ ಹಂಚಿಕೆಯಾಗುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಕೃತಜ್ಞತೆಗಳು. ಸಭೆಯಲ್ಲಿ ಕರಾಂಜಾ ಅವರಿಂದ ಆರಂಭಿಸಿ, ಅಲೆಕ್ಸ್ ಫುಡ್ಸ್‌ನ ಮಾರಾಟಗಾರರನ್ನು ಹೇಳಿ, ಬಳಿಕ ವೆಸ್ಟ್ ಅವರಿಗೆ ಬರುತ್ತೇನೆ. ಕೋಲಾರದ ಸರ್ ಹೇಳಿದಂತೆ ಮಸಾಲೆಯ ಮತ್ತು ತಯಾರಿಕೆಯ ಭಾಗವನ್ನು ವಿವರವಾಗಿಯೇ ಹೇಳುತ್ತೇನೆ. ‘ಕಂಡುಹಿಡಿದರು’ ಎಂಬ ಪದವನ್ನು ಅವರೊಬ್ಬರಿಗೇ ಕಟ್ಟುವುದಿಲ್ಲ.

ಉತ್ತರಗಳನ್ನು ತಾಯಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: ‘ಜೋಳ ಎಷ್ಟು ಹೊತ್ತು ನೆನೆಯಬೇಕಂತೆ?’ ಬೆಂಗಳೂರಿನಿಂದ ಆಹಾರದ ಸುಣ್ಣ ತರಿಸಿ, ಮೊನ್ನೆ ರಾತ್ರಿ ಒಂದು ಕಿಲೋ ಜೋಳವನ್ನು ಮುಕ್ಕಾಲು ಗಂಟೆ ಬೇಯಿಸಿ ಮುಚ್ಚಿಟ್ಟರು. ಬೆಳಿಗ್ಗೆ ಕಾಳು ಕಡು ಹಳದಿಗೆ ತಿರುಗಿತ್ತು. ತಾಯಿ ನಾಲ್ಕು ಕಾಳನ್ನು ಅಂಗೈಯಲ್ಲಿ ಉಜ್ಜಿದಾಗ ಸಿಪ್ಪೆ ಲೋಳೆಯಂತೆ ಜಾರಿಬಂತು. ಮೂರು ನೀರಿನಲ್ಲಿ ತೊಳೆದು, ಒರಳಲ್ಲಿ ರುಬ್ಬಿ, ಬಾಳೆ ಎಲೆಯ ಮೇಲೆ ತಟ್ಟಿದ್ದಾರೆ. ಹಂಚಿನ ಮೇಲೆ ಎರಡು ಬದಿ ಸುಟ್ಟು, ಕತ್ತರಿಸಿ ಕರಿದದ್ದರಲ್ಲಿ ಕೆಲವು ದಪ್ಪವಾಗಿ ಗಟ್ಟಿಯಾದವು, ತೆಳ್ಳಗೆ ಬಂದವು ಚೆನ್ನಾಗಿ ಕುರುಕಲಾಗಿವೆ. ನಾಳೆ ಹಿಟ್ಟನ್ನು ಇನ್ನಷ್ಟು ನುಣ್ಣಗೆ ರುಬ್ಬಿ ನೋಡುತ್ತಾರಂತೆ. ಮೇಡಂ, ಸುಟ್ಟ ಮೇಲೆ ಕರಿಯುವ ಮುನ್ನ ಸ್ವಲ್ಪ ಹೊತ್ತು ಆರಲು ಬಿಡಬೇಕೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1ರ ಅಧ್ಯಾಪಕಿ

ಬಿಡಬೇಕು. ಸುಟ್ಟ ಕೂಡಲೇ ಅಂಚು ಒಣಗಿ ನಡುವೆ ಇನ್ನೂ ತೇವ ಇರುತ್ತದೆ, ಹಾಗೆಯೇ ಎಣ್ಣೆಗೆ ಬಿಟ್ಟರೆ ಗುಳ್ಳೆ ಏಳುತ್ತದೆ. ಹತ್ತು ಹದಿನೈದು ನಿಮಿಷ ಜರಡಿಯ ಮೇಲೆ ಒಂದರ ಮೇಲೊಂದು ಬೀಳದಂತೆ ಹರಡಿಡಿ, ತೇವ ಎಲ್ಲ ಕಡೆ ಸಮನಾಗುತ್ತದೆ. ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.