ಸ್ಕೂಲ್ ವ್ಯಾನ್ ಬರೋ ಹೊತ್ತಿಗೆ ದಿನಾ ಹೊಟ್ಟೆನೋವು. ಎಡಿಎಚ್‌ಡಿ ಜೊತೆ ಆತಂಕವೂ ಇರುವ ಮಗ, ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಹೋದ ದೀಪಾವಳಿ ಆದಮೇಲೆ ಎಡಿಎಚ್‌ಡಿ, ಅಂದರೆ ಗಮನ ಒಂದು ಕಡೆ ನಿಲ್ಲದ, ಚಡಪಡಿಸುವ ತೊಂದರೆ ಇದೆ ಅಂತ ಗೊತ್ತಾಯಿತು, ಜೊತೆಗೆ ಆತಂಕದ ತೊಂದರೆಯೂ ಇದೆ ಅಂದರು ಡಾಕ್ಟರ್. ಅಲ್ಲಿಯವರೆಗೆ ಸೋಮಾರಿ, ಮರೆಗುಳಿ ಅಂತ ಬೈದುಕೊಂಡೇ ಬಂದಿದ್ದೆವು. ನೆನೆಸಿಕೊಂಡರೆ ಕರುಳು ಚುರುಕ್ ಅನ್ನುತ್ತದೆ.

ಏಳೂ ಮುಕ್ಕಾಲಿಗೆ ವ್ಯಾನ್ ಬರುತ್ತದೆ. ಆರೂವರೆಗೆ ಎಬ್ಬಿಸುತ್ತೇನೆ. ಹಲ್ಲುಜ್ಜಲು ಹೋದವನು ಬಕೆಟ್‌ಗೆ ಬೀಳುವ ನೀರು ನೋಡುತ್ತಾ ನಿಂತುಬಿಡುತ್ತಾನೆ. ಒಂದು ಕಾಲಿಗೆ ಸಾಕ್ಸ್ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಾಯಿ ಪಕ್ಕ ಕೂತಿರುತ್ತಾನೆ. ನಾನು ದೋಸೆ ಹುಯ್ಯುತ್ತಾ ಒಳಗಿನಿಂದಲೇ ಕೂಗುತ್ತೇನೆ, ಮೂರನೇ ಸಲಕ್ಕೆ ದನಿ ಏರಿರುತ್ತದೆ. ಆಗ ಶುರುವಾಗುತ್ತದೆ ಹೊಟ್ಟೆನೋವು. ಮುಖ ಬಿಳಿಚಿಕೊಳ್ಳುತ್ತದೆ, ಎರಡು ಸಲ ವಾಂತಿಯೂ ಆಗಿದೆ. ಅಂಗಿಯ ಕಾಲರ್ ಕಚ್ಚಿ ಕಚ್ಚಿ ಒದ್ದೆ. "ಮಿಸ್ ಪ್ರಶ್ನೆ ಕೇಳಿದ್ರೆ? ಬುಕ್ ಇಟ್ಕೊಂಡಿದ್ದೀನಾ? ಮಧ್ಯಾಹ್ನ ನೀನು ಮನೇಲೇ ಇರ್ತೀಯಾ?" ಇದನ್ನೇ ಇಪ್ಪತ್ತು ಸಲ ಕೇಳುತ್ತಾನೆ. ಕೊನೆಗೆ ನಾನೇ ಸೋತು ಇವತ್ತು ಬೇಡ ಬಿಡು ಅನ್ನುತ್ತೇನೆ. ವ್ಯಾನ್ ಹೋಗಿ ಐದು ನಿಮಿಷಕ್ಕೆ ನೋವು ಇರುವುದಿಲ್ಲ. ಅತ್ತೆ "ನೋಡು, ಬರೀ ನಾಟಕ" ಅನ್ನುತ್ತಾರೆ. ಈ ತಿಂಗಳು ಆರು ದಿನ ರಜೆಯಾಯಿತು.

ಗಮನ ನಿಲ್ಲಲಿ ಅಂತ ಡಾಕ್ಟರ್ ಮೀಥೈಲ್‌ಫೆನಿಡೇಟ್ ಮಾತ್ರೆ ಬರೆದಿದ್ದಾರೆ. ಇನ್ನೂ ಶುರು ಮಾಡಿಲ್ಲ. ಮಗು ಮಂಕಾಗುತ್ತದೆ, ಚಟ ಹತ್ತುತ್ತದೆ ಅಂತ ಮನೆಯಲ್ಲಿ ಎಲ್ಲರೂ ಹೆದರಿಸಿದ್ದಾರೆ. ಹೊಟ್ಟೆನೋವು ಅಂದಾಗ ಕಳಿಸಬೇಕೋ ಬೇಡವೋ? ಮಾತ್ರೆ ಕೊಟ್ಟವರು ಯಾರಾದರೂ ಇದ್ದೀರಾ?

ಮಲ್ಲಿಗೆ, ಮೈಸೂರು

ನಿಮ್ಮ ಬರಹ ಓದುತ್ತಾ ನಾಲ್ಕು ವರ್ಷದ ಹಿಂದಿನ ನಮ್ಮ ಮನೆಯೇ ಕಣ್ಣಮುಂದೆ ಬಂತು. ಮಗಳಿಗೆ ಈಗ ಹದಿಮೂರು. ಅವಳಿಗೂ ಎರಡೂ ಇದೆ.

ಮೊದಲು ಒಂದು ಮಾತು, ಅದು ನಾಟಕ ಅಲ್ಲ. ಭಯ ಜಾಸ್ತಿಯಾದಾಗ ಹೊಟ್ಟೆ ನಿಜವಾಗಿಯೇ ನೋಯುತ್ತದೆ, ಭಯದ ಕಾರಣ ದೂರವಾದರೆ ನೋವೂ ಇಳಿಯುತ್ತದೆ. ಹಾಗಂತ ಎಲ್ಲವನ್ನೂ ಆತಂಕದ ಮೇಲೆ ಹಾಕಬೇಡಿ. ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ, ಮಲಬದ್ಧತೆ ಥರದ್ದು ಏನಾದರೂ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಅದು ಇಲ್ಲ ಅಂತಾದರೆ ಕಳಿಸಲೇಬೇಕು. ನಾವೂ ಪಾಪ ಅಂತ ಮನೆಯಲ್ಲಿ ಇರಿಸಿಕೊಂಡೆವು, ಪ್ರತಿ ರಜೆಯ ಮಾರನೇ ದಿನ ಸ್ಕೂಲಿನ ಭಯ ಇನ್ನಷ್ಟು ದೊಡ್ಡದಾಗುತ್ತಿತ್ತು. ತಪ್ಪಿಸಿಕೊಂಡರೆ ಹಾಯಾಗುತ್ತದೆ ಅಂತ ಮನಸ್ಸು ಕಲಿತುಬಿಡುತ್ತದಲ್ವಾ.

ಆದರೆ ಎಳೆದುಕೊಂಡು ಹೋಗಿ ಬಿಡುವುದೂ ಅಲ್ಲ. ಕೌನ್ಸೆಲರ್ ಹೇಳಿದಂತೆ ನಾವು ಮೆಟ್ಟಿಲು ಮೆಟ್ಟಿಲಾಗಿ ಹೋದೆವು. ಮೊದಲ ಮೂರು ದಿನ ಲೈಬ್ರರಿಯಲ್ಲಿ ಒಂದು ಪೀರಿಯಡ್ ಕೂತು ಬರುವುದು. ಆಮೇಲೆ ಊಟದ ಬೆಲ್‌ವರೆಗೆ. ಆಮೇಲೆ ಪೂರ್ತಿ ದಿನ. ಐದು ವಾರ ಹಿಡಿಯಿತು, ನಡುವೆ ಜ್ವರ ಬಂದು ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅದೇ ಪ್ರಶ್ನೆ ಪದೇ ಪದೇ ಕೇಳಿದಾಗ ಒಂದು ಸಲ ಉತ್ತರ ಹೇಳುತ್ತಿದ್ದೆ. ಎರಡನೇ ಸಲ, "ನಿನಗೇ ಗೊತ್ತಲ್ಲ ಪುಟ್ಟಿ, ನೀನೇ ಹೇಳು" ಅನ್ನುತ್ತಿದ್ದೆ.

ಇನ್ನು ಬೆಳಗಿನ ಕೂಗಾಟ. ಅಡುಗೆಮನೆಯಿಂದ ಕೂಗಿದ್ದು ಈ ಮಕ್ಕಳ ತಲೆಗೆ ಹೋಗುವುದಿಲ್ಲ. ಒಲೆ ಸಣ್ಣ ಮಾಡಿ ಹತ್ತಿರ ಹೋಗಿ, ಭುಜ ಮುಟ್ಟಿ, ಒಂದೇ ಒಂದು ಕೆಲಸ ಹೇಳಿ. ಅದು ಮುಗಿದ ಮೇಲೆ ಇನ್ನೊಂದು. ಬ್ಯಾಗ್, ಯೂನಿಫಾರಂ, ಸಾಕ್ಸ್ ಎಲ್ಲಾ ರಾತ್ರಿಯೇ ಬಾಗಿಲ ಹತ್ತಿರ ಬರಬೇಕು. ನಮ್ಮಲ್ಲಿ ಚಪ್ಪಲಿ ಸ್ಟ್ಯಾಂಡ್ ಮೇಲೆ ಒಂದು ಹಳೇ ಸ್ಟೀಲ್ ಡಬ್ಬ ಇದೆ, ಐಡಿ ಕಾರ್ಡ್, ಬೆಲ್ಟ್, ಡೈರಿ ಅದರೊಳಗೇ. ಮಾಡಬೇಕಾದ ಕೆಲಸಗಳನ್ನು ಅವಳ ಕೈಯಲ್ಲೇ ಚಿತ್ರ ಬರೆಸಿ ಬಚ್ಚಲುಮನೆ ಬಾಗಿಲಿಗೆ ಅಂಟಿಸಿದ್ದೆ. ನಿಮ್ಮ ಮಗ ಬೇಕಂತ ಮರೆಯುತ್ತಿಲ್ಲ. ಮರೆಯುತ್ತಾನೆ, ಬೈಸಿಕೊಳ್ಳುತ್ತಾನೆ, ಇವತ್ತೂ ಮರೆತರೆ ಅಂತ ಹೆದರುತ್ತಾನೆ, ಆ ಹೆದರಿಕೆಯಲ್ಲೇ ಇನ್ನೊಂದು ಮರೆಯುತ್ತಾನೆ. ನಿಮ್ಮ ಕೈಲಿ ತಪ್ಪಿಸಲು ಆಗುವುದು ಆ ಬೈಗುಳ ಒಂದನ್ನೇ.

ಧಾರವಾಡದ ಅಪ್ಪ

ಅಕ್ಕಾರೆ, ಮಾತ್ರೆ ವಿಷಯ ನಾನು ಹೇಳುತ್ತೇನೆ. ಮಗನಿಗೆ ಹನ್ನೊಂದು ವರ್ಷ, ಎರಡು ವರ್ಷದಿಂದ ಅದೇ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಇಲ್ಲಿನ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತೋರಿಸುತ್ತೇವೆ.

ಮಂಕಾದರೆ ಡೋಸ್ ಜಾಸ್ತಿಯಾಗಿರಬಹುದು, ಡಾಕ್ಟರಿಗೆ ಹೇಳಬೇಕು. ಕಡಿಮೆಯಿಂದ ಶುರು ಮಾಡಿ ನೋಡಿಕೊಂಡು ಏರಿಸುತ್ತಾರೆ. ಡಾಕ್ಟರ್ ಹೇಳಿದ ಅಳತೆಯಲ್ಲಿ, ನಮ್ಮ ಕೈಯಿಂದಲೇ ಕೊಟ್ಟರೆ ಚಟದ ಭಯ ಬೇಡ. ಸಾದಾ ಮಾತ್ರೆಯ ಪ್ರಭಾವ ಸುಮಾರು ನಾಲ್ಕು ತಾಸು ಇರುತ್ತದೆ, ನಿಧಾನವಾಗಿ ಬಿಡುವ ಬಗೆಯದು ಇನ್ನೂ ಹೆಚ್ಚು ಹೊತ್ತು. ನಮಗೆ ಬಂದ ತೊಂದರೆ ಹಸಿವಿನದು. ಊಟದ ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು, ಮುಚ್ಚಳ ತೆಗೆದಾಗ ಬೆಳಿಗ್ಗೆ ಮಡಚಿಟ್ಟ ಚಪಾತಿ ಮುಟ್ಟದೆ ಹಾಗೇ ಇರುತ್ತಿತ್ತು. ಈಗ ಹೊಟ್ಟೆ ತುಂಬಾ ತಿಂಡಿ ತಿನ್ನಿಸಿ ಆಮೇಲೆ ಮಾತ್ರೆ ಕೊಡುತ್ತೇವೆ. ಸಂಜೆ ಹಸಿವು ತಿರುಗಿ ಬರುತ್ತದೆ, ಆಗ ಗಿರಮಿಟ್ಟೋ ಮೊಸರನ್ನವೋ ರೆಡಿ ಇರುತ್ತದೆ. ಪ್ರತಿ ಭೇಟಿಯಲ್ಲೂ ಎತ್ತರ, ತೂಕ, ಬಿಪಿ ನೋಡುತ್ತಾರೆ. ಮನೆತನದಲ್ಲಿ ಹೃದಯದ ಕಾಯಿಲೆ ಇದ್ದರೆ ಮೊದಲೇ ಹೇಳಿ.

ಆತಂಕಕ್ಕೆ ಏನಾಗುತ್ತದೆ ಅನ್ನುವುದು ಒಂದೊಂದು ಮಗುವಿಗೆ ಒಂದೊಂದು ಥರ. ಗಮನ ಸುಧಾರಿಸಿದ ಮೇಲೆ ನನ್ನ ಮಗನ ಭಯವೂ ಕಡಿಮೆಯಾಯಿತು. ಕೆಲವು ಮಕ್ಕಳಿಗೆ ಚಡಪಡಿಕೆ ಹೆಚ್ಚಬಹುದು. ಆಟೊಮಾಕ್ಸೆಟಿನ್ ಅಂತ ಬೇರೆ ಮಾತ್ರೆಯೂ ಇದೆ, ಆದರೆ ಅದರ ಪರಿಣಾಮ ಕಾಣಲು ಕೆಲವು ವಾರ ಬೇಕು. ಮೊದಲ ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ನಿದ್ದೆ, ಊಟ, ಮೂಡ್ ಮೂರನ್ನೇ ದಿನಾ ಒಂದೊಂದು ಸಾಲು ಬರೆದಿಡಿ, ಡಾಕ್ಟರಿಗೆ ಅದೇ ಸಾಕು.

ಇನ್ನೊಂದು. ಸಣ್ಣವನಿದ್ದಾಗ ನಾನೂ ಹೀಗೇ ಇದ್ದೆ, ನನ್ನ ಪಾಲಿಗೆ ಬಂದದ್ದು ಬೆತ್ತ. ಮನೆಯಲ್ಲಿ ಯಾರಾದರೂ ಎರಡು ಬಿಟ್ಟರೆ ಸರಿಹೋಗುತ್ತಾನೆ ಅಂದರೆ, ದಯವಿಟ್ಟು ಒಪ್ಪಬೇಡಿ.

ಹಾಸನದ ಟೀಚರ್

ಕ್ಲಾಸ್ ಟೀಚರ್ ಹತ್ತಿರ ಒಬ್ಬರೇ ಇದ್ದಾಗ ಮಾತಾಡಿ, ಪೇರೆಂಟ್ಸ್ ಮೀಟಿಂಗ್ ಗದ್ದಲದಲ್ಲಿ ಬೇಡ. ಎಲ್ಲವನ್ನೂ ಕೇಳಬೇಡಿ, ಮೂರು ಕೇಳಿ. ಮುಂದಿನ ಬೆಂಚು. ಎಲ್ಲರ ಮುಂದೆ ಇದ್ದಕ್ಕಿದ್ದಂತೆ ನಿಲ್ಲಿಸಿ ಪ್ರಶ್ನೆ ಕೇಳುವುದು ಬೇಡ. ಕೂತು ಸಾಕಾದಾಗ ಎದ್ದು ಓಡಾಡಲು ಒಂದು ಕೆಲಸ. ನನ್ನ ಕ್ಲಾಸಿನ ಇಂಥ ಒಬ್ಬ ಹುಡುಗನ ಕೈಗೆ ದಿನಾ ಹಾಜರಿ ಪುಸ್ತಕ ಕೊಟ್ಟು ಆಫೀಸಿಗೆ ಕಳಿಸುತ್ತೇನೆ. ಎದೆಗೆ ಅವಚಿಕೊಂಡು ಹೋಗುತ್ತಾನೆ, ಬಂದಮೇಲೆ ಇಪ್ಪತ್ತು ನಿಮಿಷ ಚೆನ್ನಾಗಿ ಬರೆಯುತ್ತಾನೆ.

ಓದು ಬರಹದಲ್ಲೂ ತೊಡಕಿದ್ದರೆ ಕಲಿಕಾ ನ್ಯೂನತೆಯ ಪರೀಕ್ಷೆಯನ್ನೂ ಮಾಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಅನ್ನುವ ಹೆಸರು ಇಲ್ಲ. ಮುಂದೆ ಪಬ್ಲಿಕ್ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವಾಗ ಕಲಿಕಾ ನ್ಯೂನತೆಯ ಪ್ರಮಾಣಪತ್ರ ಬೇಕಾಗುತ್ತದೆ. ನಿಮಗೇ ತೀರಾ ಸಾಕಾದ ದಿನ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ತುಮಕೂರಿನ ಅಮ್ಮ

ಎಲ್ಲರ ಉತ್ತರವನ್ನೂ ರಾತ್ರಿ ಯಜಮಾನರಿಗೆ ಓದಿ ಹೇಳಿದೆ. ಧಾರವಾಡದ ಅಣ್ಣ ಬರೆದದ್ದನ್ನು ಅತ್ತೆಯೂ ಕೂತು ಕೇಳಿದರು, ಏನೂ ಅನ್ನಲಿಲ್ಲ. ಶನಿವಾರ ಡಾಕ್ಟರ್ ಹತ್ತಿರ ಹೋಗುತ್ತಿದ್ದೇವೆ, ಮಾತ್ರೆ ಶುರು ಮಾಡುವ ಬಗ್ಗೆ ಮಾತಾಡಿಕೊಂಡು ಬರುತ್ತೇವೆ.

ಸಂಜೆ ಅವನ ಕೈಯಲ್ಲಿ ಚಿತ್ರ ಬರೆಸಿದೆ. ಬ್ರಷ್, ತಟ್ಟೆ, ಬ್ಯಾಗ್. ಸಾಕ್ಸ್ ಹತ್ತಿರ ನಾಯಿಯನ್ನೂ ಬರೆದು, "ಇದು ಎರಡೂ ಕಾಲಿಗೆ ಹಾಕ್ಕೊಂಡ ಮೇಲೆ" ಅಂದ. ಬಚ್ಚಲುಮನೆ ಬಾಗಿಲಿಗೆ ಅವನೇ ಅಂಟಿಸಿದ್ದಾನೆ.