ದಶಾಜ್ಞೆಗಳು ಯೆಹೂದ್ಯರ ನಿತ್ಯಪ್ರಾರ್ಥನೆಯಲ್ಲಿ ಏಕಿಲ್ಲ?

ಪ್ರಶ್ನೆ

ಯೆಹೂದ್ಯರ ಪ್ರಾರ್ಥನಾಗ್ರಂಥವಾದ ಸಿದ್ದೂರಿನ ಅನುವಾದವನ್ನು ಓದುತ್ತಿದ್ದಾಗ ಒಂದು ಸಂಗತಿ ಸೋಜಿಗವೆನಿಸಿತು. ಸೀನಾಯಿ ಬೆಟ್ಟದಲ್ಲಿ ಮೋಶೆಗೆ ದೊರೆತ ದಶಾಜ್ಞೆಗಳೇ ಆ ಧರ್ಮದ ತಿರುಳೆಂದು ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಆದರೆ ಅವರ ದೈನಂದಿನ ಸಾಮೂಹಿಕ ಪ್ರಾರ್ಥನೆಯಲ್ಲಿ ದೇವರು ಒಬ್ಬನೇ ಎಂದು ಸಾರುವ ಬೈಬಲ್ ವಾಕ್ಯಗಳಾದ ‘ಶೆಮಾ’ ಇದೆ, ಸ್ತುತಿಗಳಿವೆ, ಕೀರ್ತನೆಗಳಿವೆ. ದಶಾಜ್ಞೆಗಳು ಮಾತ್ರ ಕಾಣುವುದಿಲ್ಲ. ಇದು ಆಕಸ್ಮಿಕವೋ, ಬೇಕೆಂದೇ ಮಾಡಿದ್ದೋ? ಬೇಕೆಂದೇ ಮಾಡಿದ್ದಾದರೆ ಅದರ ಹಿನ್ನೆಲೆಯೇನು, ಅವರ ಧರ್ಮಚಿಂತನೆಯ ಮೇಲೂ ಅದರ ಪರಿಣಾಮವೇನಾದರೂ ಆಯಿತೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಖಂಡಿತವಾಗಿಯೂ ಬೇಕೆಂದೇ ಕೈಬಿಟ್ಟದ್ದು. ಜೆರುಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಅಲ್ಲಿನ ಯಾಜಕರು ಪ್ರತಿದಿನ ಬೆಳಿಗ್ಗೆ ಮೊದಲು ದಶಾಜ್ಞೆಗಳನ್ನು, ಅನಂತರ ಶೆಮಾವನ್ನು ಪಠಿಸುತ್ತಿದ್ದರೆಂದು ಯೆಹೂದ್ಯರ ಪ್ರಾಚೀನ ವಿಧಿಸಂಗ್ರಹವಾದ ಮಿಶ್ನಾದ ‘ತಾಮಿದ್’ ಭಾಗ ಸ್ಪಷ್ಟವಾಗಿ ಹೇಳುತ್ತದೆ. ಈಜಿಪ್ಟಿನಲ್ಲಿ ದೊರೆತು ಈಗ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ನ್ಯಾಶ್ ಪಪೈರಸ್ ಎಂಬ ಹಾಳೆಯಲ್ಲಿಯೂ ಇದೇ ಕ್ರಮವಿದೆ: ದಶಾಜ್ಞೆಗಳು ಮುಗಿದೊಡನೆ ಶೆಮಾ ಆರಂಭವಾಗುತ್ತದೆ. ಸಾಮಾನ್ಯವಾಗಿ ಕ್ರಿಸ್ತಪೂರ್ವ 2ನೆಯ ಶತಮಾನದ್ದೆಂದು ಎಣಿಸಲಾಗುವ ಈ ಹಾಳೆ, 1947ರಲ್ಲಿ ಮೃತಸಮುದ್ರದ ಸುರುಳಿಗಳು ಸಿಗುವವರೆಗೆ ಬೈಬಲಿನ ಹೀಬ್ರೂ ಪಠ್ಯದ ಅತ್ಯಂತ ಹಳೆಯ ಪ್ರತಿಯಾಗಿತ್ತು.

ಕೈಬಿಟ್ಟ ಕಾರಣವನ್ನು, ಮಿಶ್ನಾದ ಮೇಲಿನ ಪಂಡಿತರ ಚರ್ಚೆಗಳ ಸಂಗ್ರಹಗಳಾದ ಎರಡೂ ತಾಲ್ಮುಡ್‌ಗಳು ದಾಖಲಿಸಿವೆ. ಬ್ಯಾಬಿಲೋನಿನ ತಾಲ್ಮುಡ್, ‘ಮಿನಿಮ್’ ಅಂದರೆ ಭಿನ್ನಮತೀಯರ ಆಕ್ಷೇಪದ ಕಾರಣದಿಂದ ದೇವಾಲಯದ ಹೊರಗೆ ಈ ಪಠಣವನ್ನು ರದ್ದುಮಾಡಲಾಯಿತು ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಜೆರುಸಲೇಮಿನ ತಾಲ್ಮುಡ್ ಅದನ್ನು ಬಿಡಿಸಿ ಹೇಳುತ್ತದೆ: ಸೀನಾಯಿಯಲ್ಲಿ ಮೋಶೆಗೆ ಕೊಟ್ಟದ್ದು ಈ ಹತ್ತು ಮಾತ್ರ, ಉಳಿದ ವಿಧಿಗಳು ದೈವದತ್ತವಲ್ಲ ಎಂದು ಅವರು ವಾದಿಸಲು ಎಡೆಗೊಡಬಾರದೆಂಬುದೇ ಉದ್ದೇಶ. ಪ್ರತಿದಿನ ಹತ್ತನ್ನು ಮಾತ್ರ ಎತ್ತಿ ಓದಿದರೆ ಎದುರಾಳಿಯ ವಾದಕ್ಕೆ ನಾವೇ ಸಾಕ್ಷಿ ನುಡಿದಂತಾಗುತ್ತದೆ ಎಂಬ ಅಳುಕು ಅದರ ಹಿಂದಿತ್ತು.

ಆದರೆ ಜನರಿಗೆ ಅದನ್ನು ಬಿಡುವ ಮನಸ್ಸಿರಲಿಲ್ಲ. ಬ್ಯಾಬಿಲೋನಿನ ವಿದ್ಯಾಕೇಂದ್ರಗಳಾದ ಸೂರಾದಲ್ಲಿಯೂ ನೆಹರ್ದೆಯಾದಲ್ಲಿಯೂ ಪಠಣವನ್ನು ಮರಳಿ ತರಲು ಕೆಲವು ಪಂಡಿತರು ಯೋಚಿಸಿದಾಗ, ರಾವ್ ಹಿಸ್ದಾ ಮತ್ತು ರಾವ್ ಅಶಿ ಅವರು ಇದನ್ನು ಹಿಂದೆಯೇ ರದ್ದುಮಾಡಿಯಾಗಿದೆ ಎಂದು ತಡೆದರಂತೆ. ಇನ್ನೊಂದು ಕಡೆ, ಶೆಮಾದಲ್ಲಿಯೇ ಹತ್ತೂ ಆಜ್ಞೆಗಳು ಅಡಗಿವೆ ಎಂದು ರಬ್ಬಿ ಲೇವಿ ಒಂದೊಂದನ್ನೂ ಹೊಂದಿಸಿ ತೋರಿಸಿದರು. ‘ನಿನ್ನ ಧಾನ್ಯವನ್ನು ಕೂಡಿಸಿಕೊಳ್ಳುವೆ’ ಎಂಬಲ್ಲಿ ನಿನ್ನ ಧಾನ್ಯವೇ ಹೊರತು ನೆರೆಯವನದ್ದಲ್ಲ, ಆದ್ದರಿಂದ ಕದಿಯಬಾರದು. ‘ನಿನ್ನ ಮನೆಯ ಬಾಗಿಲ ನಿಲುವುಪಟ್ಟಿಗಳಲ್ಲಿ ಬರೆ’ ಎಂಬಲ್ಲಿ ನಿನ್ನ ಮನೆಯೇ ಹೊರತು ನೆರೆಯವನ ಮನೆಯಲ್ಲ, ಆದ್ದರಿಂದ ಆಸೆಪಡಬಾರದು. ಮುಂಬಾಗಿಲಿನಿಂದ ಹೊರಹೋದದ್ದನ್ನು ಹಿತ್ತಿಲಿನಿಂದ ಒಳಕರೆದುಕೊಂಡ ಈ ಜಾಣ್ಮೆ ನನಗೆ ಬಹಳ ಮೆಚ್ಚುಗೆಯಾಗಿದೆ.

ಉತ್ತರ 2

ಮೇಲಿನ ಉತ್ತರಕ್ಕೆ ಎರಡು ಮಾತು ಸೇರಿಸುತ್ತೇನೆ. ಆ ಭಿನ್ನಮತೀಯರನ್ನು ನೇರವಾಗಿ ಕ್ರೈಸ್ತರೆಂದು ಅನೇಕರು ಬರೆದುಬಿಡುತ್ತಾರೆ. ತಾಲ್ಮುಡ್ ಯಾರ ಹೆಸರನ್ನೂ ಹೇಳುವುದಿಲ್ಲವಾದ್ದರಿಂದ ಅಷ್ಟು ಖಚಿತವಾಗಿ ನುಡಿಯುವುದು ಸರಿಯಲ್ಲ. ಆದರೂ ಅಂಥ ವಾದ ಆ ಕಾಲದ ಗಾಳಿಯಲ್ಲಿತ್ತೆಂಬುದಕ್ಕೆ ಆಧಾರವಿದೆ. 2ನೆಯ ಶತಮಾನದ ಕ್ರೈಸ್ತ ಬಿಷಪ್ ಐರೇನಿಯಸ್, ದಶಾಜ್ಞೆಗಳು ಎಂದಿಗೂ ನಿಲ್ಲುವಂಥವು, ಇತರ ವಿಧಿಗಳು ಇಸ್ರಾಯೇಲ್ಯರ ಶಿಸ್ತಿಗಾಗಿ ಬಂದವು ಎಂದು ಭೇದ ಕಲ್ಪಿಸಿದ್ದ. ಸಿರಿಯಾದ ಕ್ರೈಸ್ತರ ನಿಯಮಗ್ರಂಥವಾದ ‘ದಿದಸ್ಕಾಲಿಯ’ವಂತೂ ಬಂಗಾರದ ಕರುವಿನ ಪೂಜೆಯಾದ ಬಳಿಕ ಬಂದ ವಿಧಿಗಳು ಶಿಕ್ಷಾರೂಪವಾದ ಎರಡನೆಯ ಶಾಸನ, ದಶಾಜ್ಞೆಗಳೇ ನಿಜವಾದ ಧರ್ಮಶಾಸ್ತ್ರ ಎಂಬ ನಿಲುವನ್ನು ತಳೆದಿತ್ತು.

ಇನ್ನು ಚಿಂತನೆಯ ಮೇಲಾದ ಪರಿಣಾಮ. 12ನೆಯ ಶತಮಾನದಲ್ಲಿ ಯೆಹೂದ್ಯ ತತ್ತ್ವಜ್ಞಾನಿ ಮೈಮೊನಿಡೀಸ್ ಮಿಶ್ನಾಕ್ಕೆ ಬರೆದ ವ್ಯಾಖ್ಯಾನದಲ್ಲಿ ಹದಿಮೂರು ಮೂಲತತ್ತ್ವಗಳನ್ನು ನಿರೂಪಿಸುತ್ತಾ, ಎಂಟನೆಯದರಲ್ಲಿ ಇಡೀ ತೋರಾ (ಮೋಶೆಯ ಐದು ಗ್ರಂಥಗಳು) ದೇವರಿಂದಲೇ ಬಂದದ್ದು ಎಂದು ಹೇಳುತ್ತಾನೆ. ‘ಹಾಮನ ಮಕ್ಕಳು ಕೂಷ್, ಮಿಚ್ರಯಿಮ್’ ಎಂಬ ಒಣ ವಂಶಾವಳಿಯ ಸಾಲಿಗೂ ‘ನಾನೇ ನಿನ್ನ ದೇವರಾದ ಕರ್ತನು’ ಎಂಬ ಮೊದಲ ಆಜ್ಞೆಗೂ ಪಾವಿತ್ರ್ಯದಲ್ಲಿ ಯಾವ ಅಂತರವೂ ಇಲ್ಲವೆಂಬುದು ಅವನ ಮಾತಿನ ತಾತ್ಪರ್ಯ. ಒಂದು ಕಾಲದ ವಾಗ್ವಾದದಲ್ಲಿ ಎಚ್ಚರಿಕೆಗಾಗಿ ತೆಗೆದುಕೊಂಡ ಕ್ರಮ, ಸಾವಿರ ವರ್ಷಗಳ ನಂತರ ನಂಬಿಕೆಯ ತತ್ತ್ವವಾಗಿ ಗಟ್ಟಿಗೊಂಡದ್ದನ್ನು ಇಲ್ಲಿ ಕಾಣಬಹುದೆಂದು ನನ್ನ ಅಭಿಪ್ರಾಯ. ಈ ತತ್ತ್ವಕ್ಕೆ ಬೇರೆ ಮೂಲಗಳೂ ಇವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

ಉತ್ತರ 3

ವಿವಾದದಿಂದ ಪ್ರಾರ್ಥನೆ ಕೈಬಿಟ್ಟು ಹೋದ ಉದಾಹರಣೆಯನ್ನು ಮೇಲಿನವರು ಕೊಟ್ಟಿದ್ದಾರೆ. ವಿವಾದದಿಂದಲೇ ಸೇರಿಕೊಂಡಿತೆಂದು ಹಲವು ವಿದ್ವಾಂಸರು ಭಾವಿಸುವ ಒಂದು ಪ್ರಾರ್ಥನೆಯೂ ಇದೆ. ಸಬ್ಬತ್ ದಿನ ಮನೆಯಲ್ಲಿ ಬೆಂಕಿ ಹೊತ್ತಿಸಬಾರದೆಂಬ ವಿಮೋಚನಕಾಂಡದ ವಾಕ್ಯವನ್ನು, ತಾಲ್ಮುಡ್‌ನ ಪ್ರಾಮಾಣ್ಯವನ್ನೊಪ್ಪದ ಯೆಹೂದ್ಯ ಪಂಗಡವಾದ ಕರೈಟರು, ಮೊದಲೇ ಹೊತ್ತಿಸಿದ ದೀಪವೂ ಉರಿಯುತ್ತಿರಬಾರದೆಂದು ಅರ್ಥೈಸಿ ಶುಕ್ರವಾರದ ರಾತ್ರಿಯನ್ನು ಕತ್ತಲೆಯಲ್ಲಿ ಕಳೆಯುತ್ತಿದ್ದರು. ಸಬ್ಬತ್ ದೀಪವನ್ನು ಹೊತ್ತಿಸಲು ದೇವರೇ ಆಜ್ಞಾಪಿಸಿದ್ದಾನೆಂದು ಸಾರುವ ಸ್ತುತಿವಾಕ್ಯ ತಾಲ್ಮುಡ್‌ನಲ್ಲಿ ಇಲ್ಲ. 9ನೆಯ ಶತಮಾನದ ರಾವ್ ಅಮ್ರಾಮ್ ಗಾವೋನರ ಪ್ರಾರ್ಥನಾಕ್ರಮದಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಹಾಗೆಂದು ಕರೈಟರು, ತಾಲ್ಮುಡ್ ಒಪ್ಪುವವರು ಎಂಬ ಎರಡೂ ಪಂಗಡಗಳು ಪರಸ್ಪರ ಮುಖ ನೋಡುತ್ತಿರಲಿಲ್ಲವೆಂದು ತಿಳಿಯಬಾರದು. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ (ಯೆಹೂದ್ಯರ ಪ್ರಾರ್ಥನಾಮಂದಿರದ) ಉಗ್ರಾಣದಲ್ಲಿ ದೊರೆತ ಕಾಗದಪತ್ರಗಳಲ್ಲಿ ಈ ಎರಡು ಪಂಗಡಗಳ ವಧೂವರರ ಮದುವೆಯ ಕರಾರುಗಳೂ ಇವೆ. ಕರೈಟ್ ಹೆಂಡತಿಯನ್ನು ಸಬ್ಬತ್ ದೀಪದ ಬೆಳಕಿನಲ್ಲಿ ಕುಳಿತುಕೊಳ್ಳುವಂತೆ ಒತ್ತಾಯಿಸಕೂಡದು ಎಂಬ ಷರತ್ತಿಗೆ ಗಂಡ ಒಪ್ಪಿಕೊಂಡಿರುತ್ತಾನೆ. ಇಂಥ ವಿಷಯಗಳಲ್ಲಿ ಖಂಡನಗ್ರಂಥಗಳಿಗಿಂತ ಈ ಕರಾರುಗಳ ಮೇಲೆಯೇ ನನಗೆ ಹೆಚ್ಚು ವಿಶ್ವಾಸ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಹಾಗಾದರೆ ತೋರಾದ ವಾರ್ಷಿಕ ಪಾರಾಯಣದಲ್ಲಿ ದಶಾಜ್ಞೆಗಳ ಭಾಗ ಬಂದಾಗ ಸಭೆಯವರೆಲ್ಲ ಎದ್ದು ನಿಲ್ಲುವ ಪದ್ಧತಿಯಿದೆಯೆಂದು ಓದಿದ್ದೇನಲ್ಲ, ಅದು ಈ ತೀರ್ಮಾನಕ್ಕೆ ವಿರುದ್ಧವಾಗುವುದಿಲ್ಲವೇ?

ಉತ್ತರ 2 ಬರೆದವರು

ಇದೇ ಪ್ರಶ್ನೆ ಮೈಮೊನಿಡೀಸನ ಮುಂದೆಯೂ ಬಂದಿತ್ತು. ಒಂದು ಊರಿನಲ್ಲಿ ಎದ್ದು ನಿಲ್ಲುವ ರೂಢಿಯನ್ನು ಅಲ್ಲಿನ ಪಂಡಿತರೊಬ್ಬರು ನಿಲ್ಲಿಸಿದ್ದರು. ಬಳಿಕ ಬಂದ ಮತ್ತೊಬ್ಬರು, ಬಾಗ್ದಾದಿನಲ್ಲಿ ನಿಲ್ಲುತ್ತಾರೆ, ನೀವೂ ನಿಲ್ಲಿ ಎಂದು ಪಟ್ಟುಹಿಡಿದರು. ಕುಳಿತಿರುವುದೇ ಸರಿ, ತೋರಾದ ಒಂದು ಭಾಗ ಇನ್ನೊಂದಕ್ಕಿಂತ ಮೇಲೆಂಬ ಭಾವನೆ ಹುಟ್ಟಿಸುವ ರೂಢಿ ಎಲ್ಲಿದ್ದರೂ ಅದನ್ನು ತಡೆಯಬೇಕು ಎಂದು ಅವನು ಉತ್ತರ ಬರೆದ. ಆದರೂ ಇಂದು ಬಹಳಷ್ಟು ಅಶ್ಕೆನಜಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯೆಹೂದ್ಯರ) ಸಭೆಗಳಲ್ಲಿ ಎದ್ದು ನಿಲ್ಲುತ್ತಾರೆ. ಸೀನಾಯಿಯ ಬುಡದಲ್ಲಿ ಹಿರಿಯರು ನಿಂತು ಕೇಳಿದ್ದರ ಸ್ಮರಣೆಯದು ಎಂಬುದು ಅವರ ಸಮರ್ಥನೆ. ಎರಡನ್ನೂ ಉಳಿಸಿಕೊಳ್ಳಬಯಸುವವರು ದಶಾಜ್ಞೆಗಳಿಗಿಂತ ಕೆಲವು ವಾಕ್ಯ ಮೊದಲೇ ಎದ್ದು ನಿಲ್ಲುತ್ತಾರೆ. ಒಬ್ಬೊಬ್ಬರೇ ಖಾಸಗಿಯಾಗಿ ಪಠಿಸುವುದಕ್ಕೂ ಅಡ್ಡಿಯಿಲ್ಲ: 16ನೆಯ ಶತಮಾನದ ಯೆಹೂದ್ಯ ಧರ್ಮವಿಧಿಗಳ ಸಂಹಿತೆಯಾದ ‘ಶುಲ್ಖಾನ್ ಅರುಖ್’ ಅದನ್ನು ಒಳ್ಳೆಯದೆಂದೇ ಹೇಳುತ್ತದೆ, ಸಾಮೂಹಿಕವಾಗಿ ಮಾತ್ರ ಕೂಡದೆಂದು ಅದಕ್ಕೆ ಟಿಪ್ಪಣಿ ಬರೆದ ಕ್ರಾಕೋವಿನ ಮೋಶೆ ಇಸೆರ್ಲೆಸ್ ಸೇರಿಸಿದ್ದಾರೆ.